ಬಬಲೇಶ್ವರದಲ್ಲಿ ಒಂದು ದಿನ ಮುಂಚೆ ಹೊರಟ ಗಂಟು

೧೯೪೬, ಜೂನ್ ೨೭, ಗುರುವಾರ. ಬೆಳಗಿನ ಏಳು ಗಂಟೆಗೆ ವಿಜಾಪುರ ಬಿಟ್ಟು ಅಥಣಿ ರಸ್ತೆ ಹಿಡಿದೆ. ಬಸ್ಸು ಇನ್ನೂ ಯುದ್ಧಕಾಲದ ಇದ್ದಿಲು ಗ್ಯಾಸಿನದೇ. ಏರು ಬಂದಲ್ಲೆಲ್ಲ ನಾವು ಇಳಿದು ನಡೆದೆವು. ತಿಕೋಟಾಕ್ಕೆ ಹದಿಮೂರು ಮೈಲಿ, ಆರಾಣೆ.

ಕಳೆದ ವರ್ಷ ನನ್ನ ಜೊತೆ ಮೆಟ್ರಿಕ್ ಮುಗಿಸಿದ ಹಳ್ಳಿಯ ಗೆಳೆಯರಲ್ಲಿ ಹೆಚ್ಚಿನವರು ವಿಜಾಪುರದ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಹತ್ತಿದ ಕೆಲವರು ಇಂಗ್ಲಿಷ್ ಪಾಠಕ್ಕೆ ಹೆದರಿ ಇಳಿದರು. ಅದಕ್ಕೇ ಈ ಸಲ ಎರಡನೆಯ ವರ್ಷದ ನಾವು ಕೆಲವರು ಊರು ಹಂಚಿಕೊಂಡು ಹೊಸ ಹುಡುಗರ ಮನೆಗಳಿಗೇ ಹೋಗುವುದೆಂದು ಗೊತ್ತುಮಾಡಿದೆವು.

ತಿಕೋಟಾದ ಶಿವಪ್ಪ ಆಗಲೇ ಹೆಸರು ಹಚ್ಚಿಸಿದ್ದ. ಅವನ ಹೆದರಿಕೆ ಒಂದೇ. "ಎಲ್ಲಾ ಇಂಗ್ರೇಜಿಯೊಳಗ ಹೇಳ್ತಾರಂತಲ್ಲ, ನನಗ ತಿಳೀತೈತೇನು?"

"ನನಗ ದಸರಾತನಕ ತಿಳೀಲಿಲ್ಲ. ಹಿಂದಿನ ಬಾಕಿನ ಮ್ಯಾಲ ಕುಂತು ಸುಮ್ನ ತಲಿ ಅಲ್ಲಾಡಸ್ತಿದ್ದೆ" ಎಂದೆ. ಅವನಿಗೆ ಧೈರ್ಯ ಬಂದಿತು. ರೊಟ್ಟಿ, ಜುಣಕ ಉಂಡು ರಾತ್ರಿ ಅಲ್ಲಿಯೇ ಉಳಿದೆ. ಅವನ ಜೊತೆ ಮೆಟ್ರಿಕ್ ಪಾಸಾದ ಬಬಲೇಶ್ವರದ ಈರಣ್ಣ ಇನ್ನೂ ಹೆಸರು ಹಚ್ಚಿಸಲು ಬಂದಿಲ್ಲವೆಂದು ತಿಳಿದದ್ದು ಅವನಿಂದಲೇ. ಶನಿವಾರ ಮಧ್ಯಾಹ್ನದೊಳಗೆ ಬರದಿದ್ದರೆ ಈರಣ್ಣನ ಕಾಲೇಜಿನ ಜಾಗ, ಪುಕ್ಕಟೆ ಬೋರ್ಡಿಂಗಿನ ಜಾಗ ಎರಡೂ ಬೇರೆಯವರಿಗೆ ಹೋಗುತ್ತಿದ್ದವು.

ಶುಕ್ರವಾರ ಚಕ್ಕಡಿಯಲ್ಲಿ ಹೊರಟೆ. ಹಿಂದಿನ ವಾರದ ಮಳೆಗೆ ಎರೆಮಣ್ಣು ಗಾಲಿಗೆ ಮೆತ್ತಿ, ಬಬಲೇಶ್ವರ ಮುಟ್ಟಿದಾಗ ಹೊತ್ತು ಇಳಿದಿತ್ತು. ಈರಣ್ಣನ ತಂದೆ ಕಟ್ಟೆಯ ಮೇಲೆ ಕೂತಿದ್ದರು. ನಾಳೆ ಮಧ್ಯಾಹ್ನದ ಗಡುವು ತಿಳಿಸಿದೆ.

"ರವಿವಾರ ಕಳಸ್ತೇವ್ರಿ. ನಾಳೆ ಮಣ್ಣೆತ್ತಿನ ಅಮಾಸಿ. ಎತ್ತು ಮಾಡಾಂವ ಇವನ. ಅಮಾಸಿ ದಿನ ಹೊರಬಿದ್ರ ನಮ್ಮವ್ವ ಸುಮ್ನ ಇರಾಕಿಲ್ಲ."

"ರವಿವಾರ ಕಾಲೇಜ ಬಾಗಿಲಾ ಹಾಕಿರತೈತ್ರಿ ಕಾಕಾ" ಎಂದೆ.

ಒಳಗಿನಿಂದ ಅಜ್ಜಿಯೇ ಉತ್ತರ ಕೊಟ್ಟಳು. "ಸೋಮವಾರ ತಗೀತಾರ ಬಿಡು. ಇವನೊಬ್ಬನ ಸಲುವಾಗಿ ಅಮಾಸಿ ಮುಂದ ಹೊಕ್ಕೈತೇನು?"

ಅಂಗಳದಲ್ಲಿ ಕೂತು ಎತ್ತಿಗೆ ಮಣ್ಣು ನಾದುತ್ತಿದ್ದ ಈರಣ್ಣ ನನ್ನ ಕಡೆ ನೋಡಿದ. ಹೋದ ವರ್ಷ ನಾನು ಹೊರಡುವ ದಿನವೂ ನಮ್ಮ ಮನೆಯಲ್ಲಿ ಇದೇ ಪೇಚು ಬಂದಿತ್ತು. "ಆಯಿ, ನಮ್ಮವ್ವ ಪ್ರಸ್ಥಾನ ಇಟ್ಟಿದ್ಲು" ಎಂದೆ. ಹೋಗುವವನ ಗಂಟನ್ನು ಒಳ್ಳೆಯ ದಿನ ನೋಡಿ ಬೇರೆ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಅಂದೇ ಶುರುವಾದಂತೆ. ಆಮೇಲೆ ಯಾವಾಗ ಹೊರಟರೂ ಅಡ್ಡಿಯಿಲ್ಲ.

ಅಜ್ಜಿ ಹೊಸ್ತಿಲಿಗೆ ಬಂದು ನನ್ನನ್ನು ದಿಟ್ಟಿಸಿದಳು. "ಕಾಲೇಜ ಕಲ್ತಾವ್ರಿಗೂ ಇದೆಲ್ಲಾ ಗೊತ್ತಿರತೈತೇನು ಯಪ್ಪಾ?" ಎಂದು ನಕ್ಕು, ಈರಣ್ಣನ ಕಡೆ ತಿರುಗಿದಳು. "ಏಳಲೇ, ಹೊತ್ತ ಮುಣಗೂದ್ರಾಗ ಗಂಟ ಕಟ್ಟು."

ಹುರುಪಿನಲ್ಲಿ ಈರಣ್ಣ ಇದ್ದ ಒಂದೇ ಒಗೆದ ಅಂಗಿಯನ್ನೂ ಗಂಟಿನಲ್ಲಿ ಕಟ್ಟಿ ಬಾಜೂ ಮನೆಯಲ್ಲಿ ಇಟ್ಟುಬಂದ. ಹೊರಗೆ ಹೋದ ಗಂಟು ತಿರುಗಿ ಮನೆಗೆ ಬರುವಂತಿಲ್ಲ, ಹೋಗುವ ಊರು ಮುಟ್ಟುವತನಕ ಬಿಚ್ಚುವಂತಿಲ್ಲ. ಅದು ನೆನಪಾದಾಗ ಅವನ ಮುಖ ನೋಡಬೇಕಿತ್ತು. ಆಮೇಲೆ ದೀಪ ಹಚ್ಚುವವರೆಗೂ ಕೂತು ಎರಡು ಮಣ್ಣೆತ್ತು ಮಾಡಿ, ಪೂಜೆಗೆಂದು ಗೋಡೆಯ ಮಾಡದಲ್ಲಿ ಇಟ್ಟ.

ಶನಿವಾರ ಬೆಳಿಗ್ಗೆ ತಂದೆಯ ಅಂಗಿ ತೊಟ್ಟು ಹೊರಬಂದ. ಅದು ಮೊಣಕಾಲಿಗೆ ಬರುತ್ತಿತ್ತು. "ಹೊಲದಾಗ ಹಕ್ಕಿ ಬೆದರ್ಸೂ ನಮ್ಮ ಬುಜಗಾವಲಿ ಕಾಲೇಜಿಗೆ ಹೊಂಟೈತ್ರಿ" ಎಂದರು ತಂದೆ.

"ನಗಬ್ಯಾಡ. ಕಾಲೇಜ ಮುಗಿಯೂದ್ರಾಗ ಆ ಅಂಗಿ ತುಂಬತಾನ" ಎಂದಳು ಅಜ್ಜಿ.

ಬಾಜೂ ಮನೆಯ ಗಂಟು ಎತ್ತಿಕೊಂಡು ಬಸ್ಸು ಹತ್ತಿದೆವು. ಹನ್ನೊಂದೂವರೆಗೆ ಕಾಲೇಜಿನಲ್ಲಿದ್ದೆವು. ತೋಳು ಮಡಚಿ ಈರಣ್ಣ ಸಹಿ ಮಾಡುವಾಗ ಉಗುರಿನಲ್ಲಿ ಎತ್ತಿನ ಮಣ್ಣು ಹಾಗೆಯೇ ಇತ್ತು.

ಮಮದಾಪುರದ ಕಡೆ ನಮಗೆ ಹೋಗಲಾಗಲಿಲ್ಲ. ಅಲ್ಲಿ ಮೆಟ್ರಿಕ್ ಪಾಸಾಗಿ ಮನೆಯಲ್ಲೇ ಉಳಿದ ಹುಡುಗ ಹುಡುಗಿಯರು ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿರಿ. ಯಾವ ದಿನ ಅಡ್ಡಿ ಎಂಬುದನ್ನೂ ಬರೆಯಿರಿ. ಒಂದು ದಿನ ಮುಂಚೆಯೇ ಬಂದು ಗಂಟು ಹೊರಗಿಡಿಸುತ್ತೇವೆ.