ಹದಿನೇಳನೆಯ ದಿನದ ನವಿಲು

ಮಲಪನಗುಡಿಯ ಜಂಬಕ್ಕನನ್ನು ಯಾರಾದರೂ ಕರೆಸಿದರೆ ಅದು ಗೋಡೆಯ ಸಲುವಾಗಿಯೇ. ಮದುವೆ ಗೊತ್ತಾದ ಮನೆಯವರು ವಾಲಗದವರಿಗಿಂತ ಮೊದಲು ಅವಳಿಗೆ ಹೇಳಿಕಳಿಸುತ್ತಿದ್ದರು. ಬಾಗಿಲಿನ ಎದುರು ಗೋಡೆಗೆ ಸುಣ್ಣ ಬಳಿದು, ಸಂಡೂರಿನ ಕೆಮ್ಮಣ್ಣಿನಲ್ಲಿ ಜೋಡಿ ನವಿಲು ಬರೆಯುವುದು ಅವಳ ಕೆಲಸ. ಮದುವೆಯಾದ ಹದಿನಾರನೆಯ ದಿನ, ಬರೆದವಳೇ ಬಂದು ಅದರ ಮೇಲೆ ಸುಣ್ಣ ಬಳಿಯಬೇಕು. ಅದು ಪದ್ಧತಿ.

ನಲವತ್ತು ವರ್ಷ ಬರೆದಿದ್ದಳು. ಅವಳ ಒಂದೇ ಒಂದು ನವಿಲೂ ಹದಿನೇಳನೆಯ ದಿನವನ್ನು ಕಂಡಿರಲಿಲ್ಲ. "ಹೋಗ್ಲಿ ಬಿಡ್ರಿ, ಮತ್ತೊಂದು ಬರದ್ರಾತು" ಎಂದು ನಕ್ಕುಬಿಡುತ್ತಿದ್ದಳು. ಆದರೆ ಸುಣ್ಣ ಬಳಿದು ಬಂದ ದಿನ ಮಾತ್ರ ಅವಳಿಗೆ ಊಟ ಸೇರುತ್ತಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಹೊಸಪೇಟೆಯ ಆರು ಜನ ಚಿತ್ರಕಾರರು ಕೂಡಿ, ಸ್ಟೇಷನ್ ಹತ್ತಿರದ ಹಳೆಯ ಹತ್ತಿ ಗೋದಾಮಿನಲ್ಲಿ ಒಂದು ಸಹಕಾರಿ ಚಿತ್ರಶಾಲೆ ತೆರೆದರು. ಅಂಗಡಿ ಬೋರ್ಡು ಬರೆಯುವ ಗಾದಿಲಿಂಗಪ್ಪ, ಸ್ಕೂಲಿನ ಡ್ರಾಯಿಂಗ್ ಮಾಸ್ತರ ಪ್ರಭಂಜನ, ಕಂಪ್ಲಿಯ ಗೊಂಬೆಯವನು, ಹೀಗೆ. ವಾರದಲ್ಲಿ ಒಬ್ಬೊಬ್ಬರು ಒಂದೊಂದು ದಿನ ಬಾಗಿಲು ಕಾಯುವುದು, ಕಸ ಗುಡಿಸುವುದು. ಚಿತ್ರಕ್ಕಿಂತ ಅವರಲ್ಲಿ ಕಾನೂನುಗಳೇ ಹೆಚ್ಚು: ಸದಸ್ಯರಲ್ಲದವರ ಚಿತ್ರ ಗೋಡೆಯ ಮೇಲೆ ಇರಕೂಡದು, ಗೋಡೆಗೆ ಏರಿದ ಚಿತ್ರವನ್ನು ಬರೆದವರೂ ಮುಟ್ಟಕೂಡದು.

ಒಂದು ಮದುವೆ ಮನೆಯಲ್ಲಿ ಜಂಬಕ್ಕನ ನವಿಲು ನೋಡಿದ ಗಾದಿಲಿಂಗಪ್ಪ ಊಟದ ಎಲೆ ಬಿಟ್ಟು ಎದ್ದು ಬಂದ. "ಜಂಬಕ್ಕ, ನಮ್ಮ ಚಿತ್ರಶಾಲೆಗೆ ಒಮ್ಮೆ ಬರ್ರಿ" ಎಂದ.

ನೋಡಲು ಕರೆದದ್ದು ಎಂದು ಅವಳಿಗೆ ಹೊಳೆಯಲೇ ಇಲ್ಲ. ಅವಳನ್ನು ಬರಿದೆ ನೋಡಲಿಕ್ಕೆ ಯಾರು ತಾನೇ ಕರೆದಿದ್ದರು? ಕೆಮ್ಮಣ್ಣಿನ ಗಂಟು ಕಟ್ಟಿಕೊಂಡು ಶುಕ್ರವಾರ ಬೆಳಿಗ್ಗೆಯೇ ಬಂದಳು. ಅಂದು ಗಾದಿಲಿಂಗಪ್ಪನ ಪಾಳಿ. ಅವನಿಗೆ ಹಿಗ್ಗೋ ಹಿಗ್ಗು. "ಕುಂದ್ರಿ, ಜಲ್ದಿ ಚಾ ತರ್ತೀನಿ" ಎಂದು ಓಡಿದ. ಜಂಬಕ್ಕ ಸುತ್ತ ನೋಡಿದಳು. ಬಾಗಿಲಿನ ಎದುರಿಗೆ ಹೊಸ ಸುಣ್ಣದ ದೊಡ್ಡ ಗೋಡೆ, ಖಾಲಿ. ಇನ್ನೇನು ಹೇಳಬೇಕು? ಸೆರಗು ಸಿಕ್ಕಿಸಿ ಶುರುಮಾಡಿಬಿಟ್ಟಳು.

ಚಹದ ಜೊತೆ ಗಾದಿಲಿಂಗಪ್ಪ ಪ್ರಭಂಜನ ಮಾಸ್ತರನನ್ನೂ ಕರೆತರಲು ಹೋಗಿ, ಅಲ್ಲಿ ಮಾತಿಗೆ ಕೂತು ತಡಮಾಡಿದ್ದ. ಇಬ್ಬರೂ ಒಳಗೆ ಬಂದಾಗ ಆಳೆತ್ತರದ ಜೋಡಿ ನವಿಲು ಅವರನ್ನೇ ನೋಡುತ್ತಿದ್ದವು. ಮಾಸ್ತರ ಆರು ತಿಂಗಳು ಕೂತು ಬರೆದ ಹಂಪಿಯ ಕಮಲ ಮಹಲಿನ ಚಿತ್ರಕ್ಕೆಂದು ಇಟ್ಟ ಗೋಡೆ ಅದು!

"ಯಾರು ಹೇಳಿದ್ರು ನಿಮಗ ಬರಿಯಾಕ?" ಮಾಸ್ತರ ಕೂಗಿದ.

ಜಂಬಕ್ಕನ ಮುಖ ಪೆಚ್ಚಾಯಿತು. "ತಪ್ಪಾತ್ರಿ. ಸುಣ್ಣ ಎಲ್ಲೈತಿ ಹೇಳ್ರಿ, ಈಗ ಬಳದ್ಬಿಡ್ತೀನಿ. ನನಗೇನು ಹೊಸಾದಲ್ಲ." ಹಾಗೆಂದವಳು ಮೂಲೆಮೂಲೆಯಲ್ಲಿ ಸುಣ್ಣದ ಗಡಿಗೆ ಹುಡುಕತೊಡಗಿದಳು.

ಮಾಸ್ತರ ಜೇಬಿನಿಂದ ಅಳತೆಪಟ್ಟಿ ತೆಗೆದು ಒಂದು ನವಿಲಿನ ಕತ್ತು ಅಳೆದ. ಇನ್ನೊಂದರದೂ ಅಳೆದ. ಮತ್ತೊಮ್ಮೆ ಅಳೆದ. ಕೂದಲೆಳೆಯ ವ್ಯತ್ಯಾಸವಿಲ್ಲ. ಅವನಿಗೆ ಸಿಟ್ಟು ಮರೆತೇಹೋಯಿತು.

"ಕಾನೂನು ಅಂದ್ರ ಕಾನೂನು. ಸದಸ್ಯರಲ್ಲದವರ ಚಿತ್ರ ಇರಂಗಿಲ್ಲ" ಎಂದ. ಗಾದಿಲಿಂಗಪ್ಪ ನವಿಲುಗಳಿಗೆ ಅಡ್ಡ ನಿಂತ. ಮಾಸ್ತರ ಮುಂದುವರಿಸಿದ: "ಅದಕ್ಕ ಇವರ ಹೆಸರು ಬರಕೋ ಮಾರಾಯ. ನನ್ನ ಚಿತ್ರ ಕಿಡಿಕಿ ಕಡೆ ಹಾಕೋಣು. ಅಲ್ಲಿ ಬೆಳಕೂ ಚಲೋ ಐತಿ." ಆ ಕಿಟಕಿಯ ಹತ್ತಿರ ಬೆಳಕು ಅಷ್ಟಕ್ಕಷ್ಟೆ ಎಂಬುದು ಆರೂ ಜನಕ್ಕೆ ಗೊತ್ತಿತ್ತು. ಉಳಿದ ನಾಲ್ವರೂ ಸಂಜೆ ಬಂದು, ನೋಡಿ, ಹೂಂ ಎಂದರು.

ಹದಿನಾರನೆಯ ದಿನ ಜಂಬಕ್ಕ ಸುಣ್ಣದ ಗಡಿಗೆ, ಕುಂಚ ಹಿಡಿದು ಹಾಜರಾದಳು. ಗಾದಿಲಿಂಗಪ್ಪ ಗಾಬರಿಯಿಂದ ಕುಂಚವನ್ನು ಕಿತ್ತುಕೊಂಡ. "ಇದು ಮದುವಿ ಮನಿ ಅಲ್ಲ ಜಂಬಕ್ಕ. ಇದು ಅಳಿಸೂದಲ್ಲ, ಇರಾದು."

"ಇರಾದಾ?" ಎಂದಳು. ಸುಣ್ಣದ ಗಡಿಗೆ ಎತ್ತಿಕೊಂಡು ಊರಿಗೆ ಹೋದಳು.

ಮರುದಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು. ತನ್ನ ಪಾಳಿ ಅಲ್ಲದಿದ್ದರೂ ಬಂದ ಗಾದಿಲಿಂಗಪ್ಪ ಬೀಗ ತೆಗೆದ ಕೂಡಲೇ ಒಳಗೆ ಹೋಗಿ ನವಿಲುಗಳ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ಇದ್ದಕ್ಕಿದ್ದಂತೆ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

"ಯಾಕ್ರೀ, ಏನಾತು?"

"ಎಡಗಡಿ ನವಿಲಿನ ಕಾಲು ಸೊಟ್ಟ ಐತಲ್ಲೋ! ನಲವತ್ತು ವರ್ಷ ಹಿಂಗ ಬರದೀನಿ. ನಿಂತು ನೋಡಾಕ ಪುರಸೊತ್ತು ಎಲ್ಲಿತ್ತು? ಕೊಡು ಇಲ್ಲಿ ಕೆಮ್ಮಣ್ಣು, ತಿದ್ದಿಬಿಡ್ತೀನಿ."

"ಮುಟ್ಟಂಗಿಲ್ಲ, ಕಾನೂನು" ಎಂದ ಗಾದಿಲಿಂಗಪ್ಪ.

ಜಂಬಕ್ಕ ಅವನನ್ನು ಬಾಯಿಗೆ ಬಂದಂತೆ ಬೈದಳು. ಬೈದು ಮುಗಿಸಿ, ಕಸಬರಿಗೆ ತೆಗೆದುಕೊಂಡು ನೆಲ ಗುಡಿಸಿದಳು. ಅವಳ ಪಾಳಿ ಅಂದಿನಿಂದಲೇ ಶುರು. ಮಧ್ಯಾಹ್ನ ಸೊಟ್ಟ ಕಾಲಿನ ನವಿಲಿನ ಎದುರಿಗೇ ಕೂತು, ಬುತ್ತಿ ಬಿಚ್ಚಿ, ಎರಡು ರೊಟ್ಟಿ ಹೆಚ್ಚಿಗೆ ಉಂಡಳು.