ಮಾಲಕರ ಕಾಲು ತಾಸು

ನಮ್ಮ ಮಾಲಕರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಹರೆಯದಲ್ಲಿ ಡ್ರಿಲ್ ಹೊಕ್ಕ ಗಾಯ. ಆ ಸೀಳಿನೊಳಗೆ ಗ್ರೀಸಿನ ಕರಿಗೆರೆಯೊಂದು ಸದಾ ಕೂತಿರುತ್ತಿತ್ತು. ಮಗಳ ಮದುವೆಯ ದಿನ ಸೀಗೆಪುಡಿ ಹಾಕಿ ತಿಕ್ಕಿಕೊಂಡು ಬಂದಿದ್ದರೂ ಅದು ಹೋಗಿರಲಿಲ್ಲ. ಅಕ್ಷತೆ ಹಾಕುವಾಗ ಬೀಗರ ಕಡೆಯ ಹೆಂಗಸೊಬ್ಬಳು ಆ ಬೆರಳನ್ನೇ ನೋಡಿ ಮುಖ ಸಿಂಡರಿಸಿದ್ದನ್ನು ನಾನು ಕಂಡಿದ್ದೇನೆ. ಅವರೂ ಕಂಡರು. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸಿಕಂದರಾಬಾದಿನ ಹತ್ತಿರದ ನಾಚಾರಂ ಕೈಗಾರಿಕಾ ಎಸ್ಟೇಟಿನಲ್ಲಿ ಅವರದೊಂದು ಶೆಡ್ಡು. ಪ್ಲಾಸ್ಟಿಕ್ ಸಾಮಾನು ಎರಕ ಹೊಯ್ಯುವ ಉಕ್ಕಿನ ಅಚ್ಚುಗಳನ್ನು ಮಾಡುತ್ತಿದ್ದರು. ಡಿಪ್ಲೊಮಾ ಮುಗಿಸಿದ ನಾನು ತಾರ್ನಾಕದಿಂದ ಬಸ್ಸು ಹತ್ತಿ ಬಂದು ಆ ಎಸ್ಟೇಟಿನ ಶೆಡ್ಡು ಶೆಡ್ಡಿಗೂ ಕೆಲಸ ಕೇಳಿದ್ದೆ. ಎಲ್ಲರದೂ ಒಂದೇ ಮಾತು: ಹುಡುಗಿಯನ್ನು ಗಂಡಸರ ನಡುವೆ ಎಲ್ಲಿ ಕೂರಿಸೋಣ? ಮಾಲಕರು ನನ್ನ ಹಿಂದಿ ಕೇಳಿ, "ಕನ್ನಡದವ್ರೇನವಾ?" ಅಂದರು. ಹೌದು, ನಮ್ಮ ತಂದೆ ರೈಲ್ವೇದಲ್ಲಿದ್ದಾರೆ, ಮೂಲ ರಾಯಚೂರು ಕಡೆ ಅಂದೆ. "ಊರ ಇರ್ಲಿ. ಡ್ರಾಯಿಂಗ್ ಬರತೈತಿಲ್ಲೋ?" ಬರುತ್ತದೆ ಅಂದೆ. "ಮತ್ತ ಕುಂಡ್ರು," ಅಂದರು. ನನ್ನ ಇಡೀ ಬದುಕು ಆ ಒಂದು ಮಾತಿನ ಮೇಲೆ ನಿಂತಿದೆ.

ಅವರ ಇನ್ನೊಂದು ಗುರುತು ಗಡಿಯಾರ. ಶೆಡ್ಡಿನ ಗೋಡೆಯದು, ಕೈಯದು, ಮನೆಯ ಪಡಸಾಲೆಯದು, ಎಲ್ಲವೂ ಕಾಲು ತಾಸು ಮುಂದು. ಕೆಲಸಗಾರರು ತೆಲುಗಿನಲ್ಲಿ ಗೊಣಗುತ್ತಿದ್ದರು, ಬೇಗ ಬರಿಸಲು ಮುದುಕನ ಉಪಾಯ ಎಂದು. ಆದರೆ ಸಂಜೆ ಬಿಡುತ್ತಿದ್ದದ್ದೂ ಅದೇ ಗಡಿಯಾರದ ಲೆಕ್ಕಕ್ಕೆ. ನನಗೆ ಮಾತ್ರ ಒಮ್ಮೆ ಚಹಾ ಕುಡಿಯುತ್ತ ಹೇಳಿದರು: "ಸಿಕಂದರಾಬಾದ್ ಸ್ಟೇಷನ್‌ನಾಗ ಗಾಡಿ ತಪ್ಪಿತ್ತು ತಂಗಿ ನನಗ, ಐದ್ ಮಿನಿಟಿನಾಗ. ನಮ್ಮವ್ವನ ಮಣ್ಣಿಗೆ ಹೋಗಾಕ ಆಗಲಿಲ್ಲ. ಮಾರಿ ನೋಡಲಿಲ್ಲ." ಅಷ್ಟು ಹೇಳಿ ಕಪ್ಪು ಕೆಳಗಿಟ್ಟು ಲೇಥಿನ ಕಡೆ ಎದ್ದು ಹೋದರು.

ಕಂಪ್ಯೂಟರು ಬಂದಾಗ ಅದರ ಗಡಿಯಾರವನ್ನೂ ಕಾಲು ತಾಸು ಮುಂದಕ್ಕೆ ತಿರುಗಿಸಿದರು. ಇದೊಂದಾದರೂ ಸರಿಯಾಗಿರಲಿ ಎಂದೆ. "ಶೆಡ್ಡಿನಾಗ ಎಲ್ಲಾರಿಗೂ ಒಂದ ಟೈಮ್," ಅಂದುಬಿಟ್ಟರು. ಆ ಕಂಪ್ಯೂಟರಿಗೆ ಇಂಟರ್ನೆಟ್ ಇರಲಿಲ್ಲ, ಇರುವ ಹಾಗೂ ಇರಲಿಲ್ಲ. ನಮಗೆ ಕೆಲಸ ಕೊಡುತ್ತಿದ್ದ ದೊಡ್ಡ ಕಾರ್ಖಾನೆಯ ಷರತ್ತು ಅದು: ತಮ್ಮ ಡ್ರಾಯಿಂಗ್ ಇರುವ ಯಂತ್ರಕ್ಕೆ ಹೊರಗಿನ ತಂತಿಯೇ ತಾಗಕೂಡದು. ನಾನು ಬರೆದ ಚಿತ್ರವನ್ನು ಉಕ್ಕು ಕೊರೆಯುವ ಮೆಷೀನಿನ ಭಾಷೆಗೆ ತಿರುಗಿಸುವ ಒಂದು ಸಾಫ್ಟ್‌ವೇರು ಬೇಕಿತ್ತು. ಇಡೀ ಎಸ್ಟೇಟಿನಲ್ಲಿ ಎಲ್ಲರೂ ಅದರ ಕಳ್ಳ ಸಿಡಿಯಲ್ಲೇ ಕೆಲಸ ಮಾಡುತ್ತಿದ್ದರು. ನಮ್ಮ ಮಾಲಕರು ಮಾತ್ರ ವರ್ಷದ ಲೈಸೆನ್ಸು ಕೊಂಡರು. ಜನ ನಕ್ಕರು. ಎದುರು ಶೆಡ್ಡಿನ ಸಾಹುಕಾರರಂತೂ, ನಮ್ಮ ಕಡೆಯವರೇ, ಬಾಗಿಲಿಗೆ ಬಂದು ನಕ್ಕು ಹೋದರು.

ಲೈಸೆನ್ಸು ಕೊಂಡರೆ ಸಾಲದು, ಅದನ್ನು ಚಾಲೂ ಮಾಡಬೇಕು. ನೆಟ್ ಇದ್ದವರಿಗೆ ಅದು ಚಿಟಿಕೆ ಹೊಡೆಯುವಷ್ಟರ ಕೆಲಸ. ನಮಗೆ ಪರದೆಯ ಮೇಲೆ ಉದ್ದನೆಯ ಕೋಡು ಬರುತ್ತಿತ್ತು. ಅದನ್ನು ಚೀಟಿಯಲ್ಲಿ ಬರೆದುಕೊಂಡು, ಅವರ ಸ್ಕೂಟರಿನಲ್ಲಿ ತಾರ್ನಾಕದ ನೆಟ್ ಸೆಂಟರಿಗೆ ಹೋಗಿ, ಕಂಪನಿಯ ಪುಟದಲ್ಲಿ ಹೊಡೆದು, ಅಲ್ಲಿ ಬಂದ ಉತ್ತರದ ಕೋಡನ್ನು ಮತ್ತೆ ಬರೆದುಕೊಂಡು ಬಂದು ಶೆಡ್ಡಿನಲ್ಲಿ ಹಾಕಬೇಕು. ಮೊದಲ ಸಲ ನಾನು ಬಿ ಬರೆದದ್ದನ್ನು ಡಿ ಎಂದು ಓದಿ, ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಬಂದೆವು. ಎರಡನೆಯ ಸಲ ಅವರೇ ಓದಲು ಕೂತರು. "ಬಿ ಅಂದ್ರ ಬೀದರ್. ಜಿ, ಗುಲ್ಬರ್ಗಾ. ಎಚ್, ಹುಮನಾಬಾದ್. ವೈ, ಯಾದಗಿರಿ." ನೆಟ್ ಸೆಂಟರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎಕ್ಸ್ ಬಂದಾಗ ನಿಂತರು. "ಎಕ್ಸಿಗೆ ನಮ್ಮ ಕಡೆ ಊರ ಇಲ್ಲಲ್ಲೋ ಯಪ್ಪಾ," ಅಂದು ಅವರೂ ನಕ್ಕರು. ಸಂಜೆ ಶೆಡ್ಡಿನಲ್ಲಿ ಸಾಫ್ಟ್‌ವೇರು ತೆರೆದುಕೊಂಡಾಗ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಎಲ್ಲರಿಗೂ ಮಿರ್ಚಿ ತರಿಸಿದರು. ಅಂಥ ಸಂತೋಷವನ್ನು ಆಮೇಲೆ ಆ ಮುಖದ ಮೇಲೆ ನಾನು ಕಾಣಲಿಲ್ಲ.

ಮರುವರ್ಷ, ಲೈಸೆನ್ಸಿನ ಅವಧಿ ಇನ್ನೂ ಇರುವಾಗಲೇ, ಕಾರ್ಖಾನೆಯಿಂದ ದೊಡ್ಡ ಅಚ್ಚಿನ ಕೆಲಸ ಬಂತು. ಹೇಳಿದ ದಿನಕ್ಕೆ ಕೊಟ್ಟರೆ ಕಾಯಂ ಕೆಲಸ, ತಪ್ಪಿದರೆ ಇನ್ನು ಮುಂದೆ ಆ ಗೇಟಿನೊಳಗೆ ಕಾಲಿಡುವಂತಿಲ್ಲ. ಉಳಿದ ಗಿರಾಕಿಗಳನ್ನೆಲ್ಲ ಬಿಟ್ಟು ಮಾಲಕರು ಇದೊಂದಕ್ಕೇ ಕೈ ಹಾಕಿದ್ದರು. ನಡುವೆ ಕಾರ್ಖಾನೆಯ ಇನ್‌ಸ್ಪೆಕ್ಟರು ಶೆಡ್ಡು ನೋಡಲು ಬರುತ್ತಾರೆಂದು ಗೊತ್ತಾಯಿತು. ಅಳತೆಯ ಸಾಮಾನುಗಳೆಲ್ಲ ನಿಖರವಾಗಿರಬೇಕು, ಗಡಿಯಾರ ಕೂಡ. ಮಾಲಕರಿಗೆ ಒಮ್ಮೆಲೇ ನಾಚಿಕೆಯಾಯಿತೇನೋ. "ಸುಳ್ಳು ಟೈಮ್ ತೋರಸಬಾರದು ಅವರಿಗೆ," ಎಂದು ಸ್ಟೂಲು ಹತ್ತಿ ಗೋಡೆ ಗಡಿಯಾರ ಸರಿ ಮಾಡಿದರು. ಕೈಗಡಿಯಾರ ಸರಿ ಮಾಡಿದರು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಅದನ್ನೂ ಕಾಲು ತಾಸು ಹಿಂದಕ್ಕೆ ತಂದರು.

ಇನ್‌ಸ್ಪೆಕ್ಟರು ಬಂದು, ಚಹಾ ಕುಡಿದು, ಮೆಚ್ಚಿ ಹೋದರು. ಗಡಿಯಾರದ ಕಡೆ ಕತ್ತು ಕೂಡ ಎತ್ತಲಿಲ್ಲ. ಮಧ್ಯಾಹ್ನ ನಾನು ಸಾಫ್ಟ್‌ವೇರು ತೆರೆದರೆ ಪರದೆಯ ಮೇಲೆ ಕೆಂಪು ಪೆಟ್ಟಿಗೆ. ಗಡಿಯಾರ ತಿದ್ದಿ ವಂಚಿಸುವ ಪ್ರಯತ್ನ ನಡೆದಿದೆ, ಲೈಸೆನ್ಸು ರದ್ದು ಎಂದು. ವರ್ಷದ ಲೈಸೆನ್ಸು ಮುಗಿದ ಮೇಲೂ ತಾರೀಕು ಹಿಂದೆ ಸರಿಸಿ ಪುಕ್ಕಟೆ ಬಳಸುವವರನ್ನು ಹಿಡಿಯಲು ಮಾಡಿಟ್ಟ ಬೀಗವಂತೆ ಅದು. ಇಡೀ ನಾಚಾರಂನಲ್ಲಿ ಅದಕ್ಕೆ ಸಿಕ್ಕ ಕಳ್ಳ ಇವರೊಬ್ಬರೇ!

ಕಂಪನಿಗೆ ಫೋನು ಮಾಡಿದೆವು. ಆ ಕಡೆಯವನು ಇಂಗ್ಲಿಷಿನಲ್ಲಿ ಕೇಳಿದ, ನಾನು ಅದನ್ನು ಮಾಲಕರಿಗೆ ಕನ್ನಡದಲ್ಲಿ ಹೇಳಿದೆ: ಗಡಿಯಾರ ಯಾಕೆ ಹಿಂದೆ ತಿರುಗಿಸಿದಿರಿ?

"ತಪ್ಪಿತ್ತು. ಬರೋಬರಿ ಮಾಡೀನಿ."

ತಪ್ಪಾದದ್ದು ಹೇಗೆ?

"ನಾನ ತಪ್ಪು ಇಟ್ಟಿದ್ದೆ ಅಂತ ಹೇಳು."

ನಾನು ಫೋನಿನ ಬಾಯಿ ಮುಚ್ಚಿ ಹಲ್ಲು ಕಚ್ಚಿದೆ. "ಹಂಗನಬ್ಯಾಡ್ರಿ. ಒಳಗಿನ ಬ್ಯಾಟರಿ ಕೆಟ್ಟಿತ್ತು ಅಂತ ಹೇಳತೀನಿ."

"ಕೆಟ್ಟಿಲ್ಲಲ್ಲ ತಂಗಿ," ಅಂದರು.

ವಿಚಾರಣೆ ಮಾಡಿ ತಿಳಿಸುತ್ತೇವೆ ಎಂದು ಆತ ಫೋನಿಟ್ಟ. ಆ ವಿಚಾರಣೆ ಎಂದು ಮುಗಿಯುತ್ತದೆ ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. ಅರ್ಧ ಕೊರೆದ ಉಕ್ಕು ಮೆಷೀನಿನ ಮೇಲೆ ಹಾಗೇ ಕಚ್ಚಿಕೊಂಡು ಕೂತಿತ್ತು. ಆಗ ಎದುರು ಶೆಡ್ಡಿನ ಸಾಹುಕಾರರು ಬಂದರು, ಅಂಗಿಯ ಜೇಬಿನಲ್ಲಿ ಸಿಡಿ. "ತಗೋರಿ, ಅದ ಸಾಫ್ಟ್‌ವೇರ್. ಅರ್ಧಾ ತಾಸಿನಾಗ ಚಾಲೂ. ನಿಮ್ಮದೂ ಏನ್ ದೊಡ್ಡ ಹಠಾರೀ ಭಾಯಿ!"

ಮಾಲಕರು ಮೇಜಿನ ಮೇಲಿಂದ ಒಂದು ಔಷಧಿ ಹೊಡೆಯುವ ಪಂಪಿನ ಪ್ಲಾಸ್ಟಿಕ್ ಮೂತಿ ಎತ್ತಿ ತೋರಿಸಿದರು. ಅದರ ಕಥೆ ನಮಗೆಲ್ಲ ಗೊತ್ತಿತ್ತು. ಅವರೇ ಯೋಚಿಸಿ ಮಾಡಿದ ಮೊದಲ ಅಚ್ಚು ಅದು. ಯಾರೋ ನಕಲು ಹೊಡೆದು ರಾಣಿಗಂಜಿನ ಅಂಗಡಿಗಳಿಗೆಲ್ಲ ಹಂಚಿದ್ದರು. ಇವರ ಅಚ್ಚಿನಲ್ಲಿ ಉಳಿ ಜಾರಿ ಆದ ಗೀರು ಕೂಡ ಆ ನಕಲಿನಲ್ಲಿತ್ತು. "ಅಂಗಡಿಯವ ನನಗ ನನ್ನ ಮಾಲ್ ಮಾರಿದ್ನ್ರೀ. ಆ ದಿನ ಮನೀಗೆ ಹೋಗಿ ಉಣ್ಣಲಿಲ್ಲ ನಾನು. ಈ ಸಾಫ್ಟ್‌ವೇರ್ ಬರದವನೂ ಎಲ್ಲೋ ಕುಂತಿರತಾನ," ಅಂದರು.

"ಆ ಕಂಪನಿಯವರೇ ನಿಮ್ಮನ್ನ ಕಳ್ಳ ಅಂದಾರಲ್ರೀ!" ಎಂದು ನಾನೇ ಕೂಗಾಡಿದೆ. "ರೊಕ್ಕ ಕೊಟ್ಟು ತಗೊಂಡೀವಿ. ನಮ್ಮ ಹಕ್ಕಲ್ಲೇನು? ಹಾಕ್ರಿ ಆ ಸಿಡಿ!"

"ಅವ್ರು ಅಂದ್ರ ನಾ ಆಗಬೇಕೇನು?" ಅಷ್ಟೇ.

ಇಂದಿಗೂ ಹೇಳುತ್ತೇನೆ, ಆ ಮಾತಿಗೆ ನನಗೆ ಗೌರವ ಬಂದದ್ದು ಬಹಳ ವರ್ಷಗಳ ಮೇಲೆ. ಅಂದು ಬಂದದ್ದು ಸಿಟ್ಟು, ಬರೀ ಸಿಟ್ಟು. ಹದಿನಾರು ಮಂದಿಯ ಅನ್ನದ ಪ್ರಶ್ನೆ, ಇವರಿಗೆ ತಮ್ಮ ಶುದ್ಧತೆಯ ಚಿಂತೆ ಅನ್ನಿಸಿತ್ತು. ಅರ್ಧ ಸಿಟ್ಟು ಈಗಲೂ ಹೋಗಿಲ್ಲ.

ಅವರು ಹಳೆಯ ಮೆಷೀನಿನಲ್ಲಿ ಕೈಯಿಂದಲೇ ಅಚ್ಚು ಮುಗಿಸಲು ಹೊರಟರು. ಆಗದ ಕೆಲಸ. ಅಷ್ಟು ಬಾಗು ಬಳುಕು ಕೈಗೆ ದಕ್ಕುವಂಥದ್ದಲ್ಲ. ಹೇಳಿದ ದಿನ ದಾಟಿತು. ಕಾರ್ಖಾನೆಯವರು ಡ್ರಾಯಿಂಗನ್ನೂ ಉಕ್ಕನ್ನೂ ಹೊತ್ತು ನೇರ ಎದುರು ಶೆಡ್ಡಿಗೆ ಹೋದರು. ಅಲ್ಲಿ ಕಳ್ಳ ಸಿಡಿಯ ಮೇಲೆ ಅದೇ ಅಚ್ಚು ಚಂದ ಕೊರೆಸಿಕೊಂಡಿತು. ಆ ಮೆಷೀನಿನ ಸದ್ದು ನಮ್ಮ ಶೆಡ್ಡಿನೊಳಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮಾಲಕರು ಬಾಗಿಲು ಹಾಕಿಸಲಿಲ್ಲ.

ಆಮೇಲೆ, ಎಲ್ಲ ಮುಗಿದ ಆಮೇಲೆ, ಕಂಪನಿಯ ಉತ್ತರ ಬಂತು: ನಿಮ್ಮದು ತಪ್ಪಿಲ್ಲ, ಆದ ತೊಂದರೆಗೆ ವಿಷಾದ, ಮತ್ತೆ ಚಾಲೂ ಮಾಡಿಕೊಳ್ಳಬಹುದು. ನಾನು ಆ ಕಾಗದ ಹರಿಯುವವಳಿದ್ದೆ. ಅವರು ಸ್ಕೂಟರು ತೆಗೆದರು. ಮತ್ತೆ ತಾರ್ನಾಕ, ಮತ್ತೆ ಬೀದರ್, ಯಾದಗಿರಿ. ಈ ಸಲ ನೆಟ್ ಸೆಂಟರಿನಲ್ಲಿ ಯಾರೂ ತಿರುಗಿ ನೋಡಲಿಲ್ಲ, ಅವರ ದನಿ ಅಷ್ಟು ಸಣ್ಣಗಿತ್ತು. ಶೆಡ್ಡಿಗೆ ಬಂದು ಕೋಡು ಹಾಕಿದೆ. ತೆರೆದುಕೊಂಡಿತು. ಕೊರೆಯಲು ಏನೂ ಇರಲಿಲ್ಲ. "ಚಾಲೂ ಆತು ನೋಡು," ಅಂದರು. ಆಮೇಲೆ ಕಂಪ್ಯೂಟರಿನ ಗಡಿಯಾರವನ್ನು ಮತ್ತೆ ಕಾಲು ತಾಸು ಮುಂದಕ್ಕೆ ಸರಿಸಿದರು. ಮುಂದೆ ಸರಿಸಿದರೆ ಅದೇನೂ ಅನ್ನುವುದಿಲ್ಲ.

ದಸರೆಯ ಹೊತ್ತಿಗೆ ಶೆಡ್ಡು ಮುಚ್ಚಿತು. ಮೆಷೀನನ್ನು ಎದುರಿನವರೇ ಕೊಂಡರು. ನನ್ನನ್ನು ಮಾಲಕರೇ ಉಪ್ಪಲ್‌ನ ಒಂದು ಕಾರ್ಖಾನೆಗೆ ಕರೆದುಕೊಂಡು ಹೋಗಿ, "ಕೆಲಸ ಬರತೈತಿ ಇಕಿಗೆ," ಎಂದು ಹೇಳಿ ಕೂರಿಸಿ ಬಂದರು. ತಮಗಾಗಿ ಯಾರನ್ನೂ ಏನೂ ಕೇಳಲಿಲ್ಲ. ಮನೆಯಲ್ಲಿ ಕೂತರು. ಕೂತವರು ಹೆಚ್ಚು ದಿನ ಉಳಿಯಲಿಲ್ಲ.

ಖಬರು ಕೊಟ್ಟವಳು ಅವರ ಮಗಳು. "ಹತ್ತೂವರಿಗೆ ಎತ್ತತಾರ, ಬಾ," ಅಂದಳು. ಆ ಮನೆಯ ಹತ್ತೂವರೆ ಎಂದರೇನು ಎಂಬುದು ನನಗೆ ಗೊತ್ತಿತ್ತು. ಹತ್ತಕ್ಕೇ ಮುಟ್ಟಿದೆ. ಎರಡೂ ಹೆಬ್ಬೆರಳು ಸೇರಿಸಿ ಬಿಳಿ ದಾರ ಕಟ್ಟಿದ್ದರು. ಉಗುರಿನ ಸೀಳಿನಲ್ಲಿ ಆ ಕರಿಗೆರೆ ಹಾಗೇ ಇತ್ತು. ಅವರ ಹೆಂಡತಿ ನನ್ನ ಕೈ ಹಿಡಿದು, "ಮಾರಿ ಸಿಕ್ತವಾ ನಿನಗ," ಅಂದು ಅತ್ತರು. ಪಡಸಾಲೆಯ ಗಡಿಯಾರ ಹತ್ತೂವರೆ ತೋರಿಸಿದ ಕೂಡಲೇ ಗಂಡಸರು ಎತ್ತಿದರು. ವ್ಯಾನು ಓಣಿ ತಿರುಗಿ ಹೋಯಿತು. ಹೆಂಗಸರು ನಾವು ಬಾಗಿಲಲ್ಲಿ ಉಳಿದೆವು.

ಆಗ ಕಾರು ಬಂದು ನಿಂತಿತು. ಎದುರು ಶೆಡ್ಡಿನ ಸಾಹುಕಾರರು ಆಳೆತ್ತರದ ಗುಲಾಬಿ ಮಾಲೆ ಹೊತ್ತು ಇಳಿದರು. ತೊಳೆಯುತ್ತಿದ್ದ ಪಡಸಾಲೆಯನ್ನು ನೋಡಿದರು, ಕೈಗಡಿಯಾರ ನೋಡಿದರು. "ಹತ್ತೂವರಿ ಅಂದಿದ್ರಲ್ಲ? ಇನ್ನೂ ಐದ್ ಮಿನಿಟ್ ಐತಿ!"

"ನಿಮ್ಮ ಟೈಮ್ ಬರೋಬರಿ ಐತ್ರಿ," ಅಂದೆ.

"ಯಾವ ಸ್ಮಶಾನಕ್ಕ ಹೋದ್ರು?" ಎಂದು ಕೇಳಿದರು.

ನನಗೆ ಗೊತ್ತಿತ್ತು. ಹೇಳಲಿಲ್ಲ.