ನೋರೀನ್ ಕಸಿದುಕೊಳ್ಳುವ ಹೆಲ್ಮೆಟ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾರ್ಲನ್ ಕ್ರೀಕ್ ಸಮುದಾಯ ಕಾಲೇಜಿನ ಮೈದಾನದ ಪಕ್ಕದ ತಗಡಿನ ಶೆಡ್ಡಿನಲ್ಲಿ ನೋರೀನ್ ಡೆಶಾಂಟ್ ಅಮೆರಿಕನ್ ಫುಟ್‌ಬಾಲ್ ಆಡುವ ಹುಡುಗರ ಕಾಲಿಗೆ ಬಿಳಿ ಪಟ್ಟಿ ಸುತ್ತುತ್ತಿದ್ದಾರೆ. ಹಿಮ್ಮಡಿಯ ಸುತ್ತ ಬಿಗಿಯಾಗಿ ಎಳೆದು, ಪಟ್ಟಿಯನ್ನು ಹಲ್ಲಿನಿಂದಲೇ ಹರಿದು, ಮುಂದಿನವನನ್ನು ಕರೆಯುತ್ತಾರೆ. ಫ್ಲಾರಿಡಾದಿಂದ ಬಂದಿರುವ ಕೆಯೊನ್ ಬ್ಯಾಪ್ಟಿಸ್ಟ್ ಆಕಳಿಸುತ್ತಾ ಮೇಜು ಹತ್ತುತ್ತಾನೆ.

"ನಿನ್ನೆ ಸಾಕ್ಸನ್ನೇ ಇವತ್ತೂ ಹಾಕ್ಕೊಂಡು ಬಂದಿದ್ದೀಯಲ್ಲೋ," ಎಂದು ನೋರೀನ್ ಗದರುತ್ತಾರೆ.

"ಅದು ಅದೃಷ್ಟದ ಸಾಕ್ಸು, ಮಿಸ್ ನೋರೀನ್."

"ಅದೃಷ್ಟ ನಿಂಗೆ, ನಾತ ನಂಗೆ."

ನೋರೀನ್ ಆಟ ಕಲಿಸುವವರಲ್ಲ, ಆಡುವವರ ಮೈ ಕಾಯುವವರು. ಗೋಧಿ ಬಯಲಿನ ಸಣ್ಣ ಕಾಲೇಜುಗಳೆಲ್ಲ ಸೇರಿ ಕಟ್ಟಿಕೊಂಡಿರುವ ನಮ್ಮ ಕ್ರೀಡಾ ಒಕ್ಕೂಟದಲ್ಲಿ ಇಂಥವರಿಗೆ ಟ್ರೈನರ್ ಎನ್ನುತ್ತಾರೆ. ಎದುರಾಳಿ ತಂಡ ಟ್ರೈನರ್ ಇಲ್ಲದೆ ಬಂದರೆ ಅವರ ಕಾಲಿಗೂ ಪಟ್ಟಿ ಸುತ್ತುವವರು ಇವರೇ, ಪಟ್ಟಿಯ ಡಬ್ಬ ಮಾತ್ರ ಅವರದು. ಮಧ್ಯಾಹ್ನ ಎಲೆಕೋಸು, ಮಾಂಸ ತುಂಬಿದ ಬಿರಾಕ್ ಬನ್ನನ್ನು ನಿಂತುಕೊಂಡೇ ತಿನ್ನುತ್ತಾರೆ. ಬೇಸಿಗೆಯಲ್ಲಿ ಕಾಲೇಜು ಸಂಬಳ ಕೊಡುವುದಿಲ್ಲ, ಆಗ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುತ್ತಾರೆ. ಇಷ್ಟು ವರ್ಷದಲ್ಲಿ ಇವರ ಹೆಸರು ನಾನು ಬರೆಯುವ ಈ ಪತ್ರಿಕೆಯಲ್ಲಿ ಒಮ್ಮೆಯೂ ಬಂದಿಲ್ಲ.

ತಲೆಗೆ ಪೆಟ್ಟು ತಿಂದ ಯಾವ ಹುಡುಗನೂ ನೋವಿದೆ ಎಂದು ಒಪ್ಪಿಕೊಳ್ಳುವುದಿಲ್ಲ. ಯಾವುದಾದರೂ ದೊಡ್ಡ ವಿಶ್ವವಿದ್ಯಾಲಯ ತನ್ನನ್ನು ಕರೆಯಲಿ ಎಂದೇ ಎಲ್ಲರೂ ಇಲ್ಲಿಗೆ ಬಂದಿರುವುದು, ಬೆಂಚಿನಲ್ಲಿ ಕೂತವನನ್ನು ಯಾರು ನೋಡುತ್ತಾರೆ? ಹಾಗಾಗಿ ಟ್ರೈನರ್ ಮೊದಲು ಅವನ ಹೆಲ್ಮೆಟ್ ಕಸಿದುಕೊಳ್ಳಬೇಕು. ಹೆಲ್ಮೆಟ್ ಇಲ್ಲದವನನ್ನು ಮೈದಾನಕ್ಕೆ ಬಿಡುವುದಿಲ್ಲ, ಬೇರೆಯವರದು ಅವನ ತಲೆಗೆ ಸರಿಯಾಗಿ ಕೂರುವುದಿಲ್ಲ.

ಕಳೆದ ನವೆಂಬರಿನಲ್ಲಿ ಒಕ್ಕೂಟದ ಫೈನಲ್ ಪಂದ್ಯ. ಡಿಕ್ಕಿಗೆ ನೆಲಕಚ್ಚಿದ ಕೆಯೊನ್ ಎದ್ದು, ನೆಟ್ಟಗೆ ಎದುರಾಳಿಗಳ ಬೆಂಚಿನ ಕಡೆಗೆ ನಡೆದ. ನೋರೀನ್ ಓಡಿಹೋಗಿ ಅವನನ್ನು ಕೈಹಿಡಿದು ಕರೆತಂದರು, ಹೆಲ್ಮೆಟ್ ಕಿತ್ತುಕೊಂಡು ಅದರ ಮೇಲೆಯೇ ಕೂತುಬಿಟ್ಟರು. ಆಟ ಇನ್ನೇನು ಮುಗಿಯುವುದರಲ್ಲಿತ್ತು, ಗೆಲುವು ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಕೋಚ್ ರಸ್ ಗ್ರೇಬರ್ ಬಂದು ಹೆಲ್ಮೆಟ್ ಕೇಳಿದರು, ಆಮೇಲೆ ಕೂಗಾಡಿದರು.

"ಇದು ಯಾವ ಊರು ಅಂತ ಅವ್ನಿಗೆ ಗೊತ್ತಾಗ್ತಿಲ್ಲ, ರಸ್," ಎಂದರು ನೋರೀನ್. "ಹೆಲ್ಮೆಟ್ ಬೇಕಾದ್ರೆ ನನ್ನನ್ನ ಎತ್ತಿ ಆಚೆ ಹಾಕು."

ಯಾರೂ ಎತ್ತಲಿಲ್ಲ. ತಂಡ ಸೋತಿತು. ಚಳಿಗಾಲವಿಡೀ ಊರಿನ ಕಾಫಿ ಅಂಗಡಿಯಲ್ಲಿ ಜನ ಇವರನ್ನು ಕಂಡು ಮುಖ ತಿರುಗಿಸಿದರು.

ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಜೂನ್‌ನಲ್ಲಿ ಒಕ್ಕೂಟದ ದೊಡ್ಡವರು ಹೋಟೆಲೊಂದರಲ್ಲಿ ಸೇರಿ ನಿಯಮವನ್ನೇ ಬದಲಿಸಿದರು. ಪಂದ್ಯಕ್ಕೆ ಟ್ರೈನರ್ ಇರಲೇಬೇಕೆಂದಿಲ್ಲ, ಪ್ರಥಮ ಚಿಕಿತ್ಸೆಯ ಒಂದು ದಿನದ ತರಗತಿಗೆ ಹೋಗಿಬಂದ ಕೋಚ್ ಇದ್ದರೆ ಸಾಕಂತೆ. ಗೆಲ್ಲಲೇಬೇಕೆಂದು ಗಂಟಲು ಹರಿದುಕೊಳ್ಳುವವನೇ ಹುಡುಗನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದೂ ಹೇಳಬೇಕು! ಅದೇ ಸಭೆಯಲ್ಲಿ ಒಕ್ಕೂಟಕ್ಕೆ ಹೊಸ ಲಾಂಛನ ಮಾಡಿಸಲು ಚಪ್ಪಾಳೆ ತಟ್ಟಿ ಒಪ್ಪಿದ್ದಾರೆ. ನಮ್ಮ ಕಾಲೇಜು ಇದನ್ನೇ ಕಾಯುತ್ತಿತ್ತೇನೋ. ಮಾರನೆಯ ವಾರವೇ ನೋರೀನ್ ಊರಿನ ಮೈದಾನ ಬಿಟ್ಟು ಎಲ್ಲಿಗೂ ತಂಡದ ಜೊತೆ ಹೋಗಕೂಡದು ಎಂದು ಹೇಳಿಬಿಟ್ಟಿತು. ಹೀಗೇಕೆ ಎಂದು ಒಕ್ಕೂಟದ ಅಧಿಕಾರಿಯನ್ನು ಕೇಳಿದೆ. ಎಲ್ಲರ ಅನುಕೂಲಕ್ಕೆ ಎಂದು ನಗುತ್ತಲೇ ಹೇಳಿದರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಈ ಶನಿವಾರ ಹೊರಗಿನ ಊರಿನಲ್ಲಿ ಮೊದಲ ಪಂದ್ಯ. ಅಲ್ಲಿಯ ಕಾಲೇಜು ತನ್ನ ಟ್ರೈನರನ್ನು ಆಗಲೇ ಮನೆಗೆ ಕಳಿಸಿದೆ. ಕೆಯೊನ್‌ನ ತಾಯಿ ಯೋಲೆಟ್ ನೋರೀನ್‌ಗೆ ಫೋನ್ ಮಾಡಿ, ಶನಿವಾರ ನೀವು ಜೊತೆಗಿರುತ್ತೀರಲ್ಲವೇ ಎಂದು ಕೇಳಿದ್ದಾರೆ. ನೋರೀನ್ ಹವಾಮಾನದ ಮಾತೆತ್ತಿ ತಪ್ಪಿಸಿಕೊಂಡರಂತೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ, ಬೆಳಿಗ್ಗೆ ಎದ್ದವರೇ ಪಂದ್ಯದ ಟಿಕೆಟ್ ಕೊಂಡಿದ್ದಾರೆ. ತಂಡದ ಬಸ್ಸಿನ ಹಿಂದೆಯೇ ತಮ್ಮ ಹಳೆಯ ಪಿಕಪ್ ಓಡಿಸಿಕೊಂಡು ಹೋಗಿ, ಬೆಂಚಿನ ಹಿಂದಿನ ತಂತಿ ಬೇಲಿಗೆ ಆತು ನಿಲ್ಲುತ್ತಾರೆ.

ಬೇಲಿಯ ಹೊರಗೆ ನಿಂತವರ ಮಾತನ್ನು ಯಾರು ಕೇಳುತ್ತಾರೆ ಎಂದು ನಾನು ಕೇಳುತ್ತೇನೆ. ಉತ್ತರ ಕೊಡುವವನು ಮೇಜಿನ ಮೇಲಿರುವ ಕೆಯೊನ್.

"ಯಾರ ತಲೆಗಾದ್ರೂ ಪೆಟ್ಟು ಬಿದ್ರೆ ಅವನ ಹೆಲ್ಮೆಟ್ ಕಿತ್ಕೊಂಡು ಬೇಲಿ ಮೇಲಿಂದ ಮಿಸ್ ನೋರೀನ್‌ಗೆ ಎಸೀತೀವಿ. ಎಲ್ರೂ ಮಾತಾಡ್ಕೊಂಡಿದ್ದೀವಿ. ನಂದೇ ಆದ್ರೂ ಅಷ್ಟೇ."

ನೋರೀನ್ ಒಂದು ಕ್ಷಣ ಪಟ್ಟಿ ಸುತ್ತುವುದನ್ನು ನಿಲ್ಲಿಸುತ್ತಾರೆ. ಅವರಿಗೂ ಈ ಸುದ್ದಿ ಹೊಸದು. ನಿಮ್ಮ ಆಸೆ ಏನು ಎಂದು ಕೇಳಿದರೆ ಅವನ ಕಾಲಿನಿಂದ ಕಣ್ಣೆತ್ತದೆ ಹೇಳುತ್ತಾರೆ:

"ಏನಿಲ್ಲಪ್ಪ. ಬರಿಗೈಲಿ ಹೋಗ್ತೀನಿ, ಬರಿಗೈಲೇ ವಾಪಸ್ ಬರೋ ಹಾಗಾಗ್ಲಿ."